ಕನ್ನಡಿಯಂತೆ ಹೊಳೆದ ಕುರಿಗತ್ತರಿ

ನನ್ನ ಎಡಗೈ ಮೇಲೆ ಕೂದಲಿಲ್ಲ. ಹುಟ್ಟಿನಿಂದ ಬಂದ ದೋಷವೇನಲ್ಲ, ನಾನೇ ಬೋಳಿಸಿಕೊಂಡದ್ದು. ಗಡಹಿಂಗ್ಲಜದ ಪೇಟೆಯಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಚಿಲಕ, ಪೈಪು, ಹಗ್ಗ ಮಾರುವುದರ ಜೊತೆಗೆ ಚಾಕು ಹರಿತ ಮಾಡಿಕೊಡುವ ಕೆಲಸವನ್ನೂ ಏಳೆಂಟು ವರ್ಷಗಳ ಹಿಂದೆ ಶುರುಮಾಡಿದೆ. ಗಿರಾಕಿಯ ಎದುರಿಗೇ ಚಾಕುವನ್ನು ಸಾಣೆ ಹಿಡಿದು, ಅಲ್ಲೇ ತೋಳಿನ ಮೇಲೆ ಒಮ್ಮೆ ಎಳೆದು, ಬೋಳಾದ ಜಾಗ ತೋರಿಸಿ "ನೋಡ್ರಿ" ಅನ್ನುವುದು ನನ್ನ ಚಟ. ಗಿರಾಕಿ ಬೆರಗಾದರೆ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷ. ಬೆರಗಾಗದಿದ್ದರೆ ಸಿಟ್ಟು. ಅದು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಟ್ಟು ಏನು ಪ್ರಯೋಜನ?

ಈ ಕೆಲಸವನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಮಾಲು ತರಲು ಕೊಲ್ಹಾಪುರಕ್ಕೆ ಹೋದಾಗ ಒಬ್ಬ ವ್ಯಾಪಾರಿ ಮೋಟಾರಿನ ಸಾಣೆಕಲ್ಲನ್ನು ತಿರುಗಿಸಿ, ಮೊಂಡು ಚಾಕುವೊಂದನ್ನು ತಾಗಿಸಿ, ಕಾಗದವನ್ನು ಸರ್ರನೆ ಸೀಳಿ ತೋರಿಸಿದ. "ಲೋಣ್ಯಾಸಾರಖಂ ಕಾಪತಂಯ ಬಘಾ, ಪಾವಣಂ," ಎಂದ. ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತದೆ ಎಂಬ ಆ ಒಂದು ಮಾತಿಗೆ ನಾನು ಮರುಳಾದೆ. ಮಷಿನ್ನನ್ನು ಬಸ್ಸಿನ ಸೀಟಿನ ಕೆಳಗಿಟ್ಟುಕೊಂಡು ಊರಿಗೆ ಬಂದೆ. ಉಳಿದದ್ದನ್ನು ಮೊಬೈಲಿನ ವಿಡಿಯೋ ನೋಡಿ ಕಲಿತೆ. ಆ ವಿಡಿಯೋಗಳಲ್ಲಿ ಎಲ್ಲರೂ ಬರೀ ಚಾಕು ಮಸೆಯುತ್ತಿದ್ದರು, ಒಬ್ಬರೂ ಕತ್ತರಿ ಮುಟ್ಟುತ್ತಿರಲಿಲ್ಲ. ಅದನ್ನು ನಾನು ಗಮನಿಸಲಿಲ್ಲ.

ಮೊದಮೊದಲು ಮಾಡಿದ ಅವಾಂತರಗಳನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮದುವೆಯ ಅಡಿಗೆ ಮಾಡುವವರೊಬ್ಬರು ಮೊಳದುದ್ದದ ಚಾಕು ತಂದರು. ಕಲ್ಲಿಗೆ ಗಟ್ಟಿಯಾಗಿ ಒತ್ತಿದೆ. ಕಿಡಿ ಹಾರಿ, ಅಂಚು ನೀಲಿ ಬಣ್ಣಕ್ಕೆ ತಿರುಗಿತು. "ಇದೇನ್ರಿ ಬಣ್ಣ?" ಅಂದರು. "ಅಸಲ ಉಕ್ಕಿನ ಗುರ್ತರಿ ಅದು," ಅಂದೆ, ಎಲ್ಲ ಬಲ್ಲವನಂತೆ. ಉಕ್ಕು ಹಾಗೆ ನೀಲಿಯಾದರೆ ಅದರ ಹದವೇ ಸುಟ್ಟುಹೋಯಿತು ಎಂದು ಅರ್ಥ. ಮರುದಿನ ಮದುವೆಮನೆಯಲ್ಲಿ ಆ ಚಾಕು ಉಳ್ಳಾಗಡ್ಡಿಯ ಮುಂದೆಯೇ ಸೋತು ಕೂತಿತಂತೆ. ಅವರು ಬಂದು ಅದನ್ನು ಕೌಂಟರಿನ ಮೇಲಿಟ್ಟು, "ಅಸಲ ಉಕ್ಕು ನೀವ ಇಟ್ಕೋರಿ ಸಾವಕಾರ್ರ, ನನಗ ನಕಲೀದು ಒಂದು ಕೊಡ್ರಿ," ಎಂದರು. ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಗಬೇಕಾಯಿತು.

ಇಚಲಕರಂಜಿಯಲ್ಲಿರುವ ಅಕ್ಕನ ಮನೆಗೆ ಹೋದಾಗ ಅವಳ ಈಳಿಗೆಯ ಮಣೆ ಸೀಳಿತ್ತು. ನಾನಿರುವಾಗ ಬೇರೆಯವರೇಕೆ ಎಂದು ಹೊಸ ಮಣೆ ಕೊರೆದು, ಅಲಗನ್ನು ಮಸೆದು, ಅಲುಗಾಡದಂತೆ ಮೊಳೆ ಜಡಿದು ಕೊಟ್ಟೆ. ಅಕ್ಕ ಬದನೆಕಾಯಿ ಹಿಡಿದು ಮಣೆಯ ಮೇಲೆ ಕಾಲಿಟ್ಟು ಕೂತಳು. ಅಲಗಿನ ಹರಿತದ ಬದಿ ಅವಳ ಕಡೆ ಇರುವ ಬದಲು ಗೋಡೆಯ ಕಡೆ ಮುಖ ಮಾಡಿತ್ತು. ಮಗ್ಗಗಳ ಸದ್ದಿನ ನಡುವೆ ಬದುಕುವ ಅವಳಿಗೆ ಮೆಲ್ಲಗೆ ಮಾತಾಡಿ ರೂಢಿಯಿಲ್ಲ. "ಏ ತಮ್ಮಾ, ನಾ ಈ ಕಡೆ ಕುಂದ್ರಲೋ, ಗ್ವಾಡಿ ಒಳಗ ಹೊಕ್ಕು ಆ ಕಡೆಯಿಂದ ಹೆಚ್ಚಲೋ?" ಎಂದು ಅವಳು ಕೂಗಿದ್ದು ಓಣಿಗೆಲ್ಲ ಕೇಳಿಸಿತು.

ಇವೆಲ್ಲ ಹೇಳಿಕೊಂಡು ನಗಬಹುದಾದ ತಪ್ಪುಗಳು. ನಗಲಾಗದ್ದು ಒಂದಿದೆ. ಅದನ್ನು ಹೇಳಿಬಿಡುತ್ತೇನೆ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ, ಕುರಿ ಸಾಕುವ ಮನೆಯ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದಳು. ನಲವತ್ತರ ಆಸುಪಾಸು. ನೇಸರಿಯ ಆಚೆಗಿನ ಹಳ್ಳಿಯವಳು. ಸೆರಗಿನೊಳಗಿನಿಂದ ಉಣ್ಣೆ ಕತ್ತರಿಸುವ ಕುರಿಗತ್ತರಿಯನ್ನು ತೆಗೆದು ಕೌಂಟರಿನ ಮೇಲಿಟ್ಟಳು. ಗೇಣುದ್ದದ ಎರಡು ಅಲಗು, ನಡುವೆ ಒಂದು ದಪ್ಪ ರಿವೆಟ್ಟು, ಹಿಡಿಗೆ ಬಟ್ಟೆ ಸುತ್ತಿತ್ತು.

"ಸಾವಕಾರ್ರ, ಇದನ್ನ ಛಲೋತ್ನಂಗ ಮಸದ ಕೊಡ್ರಿ. ಮಂಗಳವಾರ ಮುತ್ಯಾನ ಕುರಿ ಕತ್ತರಸೂದೈತಿ. ಈ ಸಲ ನಾ ಹೊಂಟೇನಿ."

ಮುತ್ಯಾ ಎಂದರೆ ಅವರ ಗುಂಪಿನ ಹಿರಿಯ ಕುರಿಗಾರ. ಅವನ ಹಿಂಡು ಆಗ ನೇಸರಿಯ ಹತ್ತಿರ ನಮ್ಮದೇ ಹೊಲದಲ್ಲಿ ತಂಗಿತ್ತು. ಗೊಬ್ಬರಕ್ಕಾಗಿ ಪ್ರತಿವರ್ಷ ಕುರಿ ನಿಲ್ಲಿಸುವುದು ನಮ್ಮಲ್ಲಿ ಅಪ್ಪನ ಕಾಲದಿಂದ ನಡೆದು ಬಂದಿದೆ. ಹಾಗಾಗಿ ಇವಳ ಗಂಡನೂ ನನಗೆ ಗೊತ್ತಿದ್ದವನೇ.

"ನಿನ್ನ ಗಂಡ ಎಲ್ಲಿ ಹೋಗ್ಯಾನ?" ಎಂದು ಕೇಳಿದೆ.

"ಎಲ್ಲಿ ಹೋಗತಾನ್ರಿ, ಮನ್ಯಾಗ ಅದಾನ. ಗಾಡಿ ಮ್ಯಾಲಿಂದ ಬಿದ್ದು ಬಲಗೈ ಮಣಿಕಟ್ಟು ಮುರಕೊಂಡಾನ. ಎಲುಬು ಕೂಡೇತಿ, ಮುಷ್ಟಿ ಕೂಡವಲ್ದು."

ಕುರಿ ಕತ್ತರಿಸುವುದು ಇವರಲ್ಲಿ ಮುಯ್ಯಿಯ ಮೇಲೆ ನಡೆಯುವ ಕೆಲಸ. ಆರು ಮನೆಯವರು ಸೇರಿ ಇವತ್ತು ಒಬ್ಬರ ಹಿಂಡು, ಇನ್ನೊಂದು ದಿನ ಮತ್ತೊಬ್ಬರದು ಎಂದು ಸರದಿಯ ಮೇಲೆ ಮುಗಿಸುತ್ತಾರೆ. ಮನೆಗೊಂದು ಆಳು, ಆಳಿಗೊಂದು ಕತ್ತರಿ. ಎಲ್ಲರಿಗೂ ಸಮಪಾಲು ಕುರಿ. ಆಳು ಕಳಿಸದ ಮನೆಯ ಸರದಿಗೆ ಯಾರೂ ಬರುವುದಿಲ್ಲ.

"ಹೆಂಗಸು ಬಂದ್ರ ನಡಿಯಂಗಿಲ್ಲ ಅಂದ್ರು ಮಂದಿ," ಎಂದಳು. "ಮುತ್ಯಾ ಒಬ್ಬಾಂವ, ಒಂದ ಸಲ ಬರಲಿ ನೋಡೂಣು ಅಂದಾನ. ನನ್ನ ಪಾಲು ನಾ ಒಬ್ಬಾಕೀನ ಹೊತ್ತ ಮುಳಗೂದರಾಗ ಮುಗಸಬೇಕು. ಇಲ್ಲಂದ್ರ ನಮ್ಮ ಮನಿ ಮುಯ್ಯಾಗಿಂದ ಹೋತು. ಆಮ್ಯಾಲೆ ನಾ ಒಬ್ಬಾಕಿ ನಮ್ಮ ಅಷ್ಟೂ ಕುರಿ ಹೆಂಗ ಕತ್ತರಸ್ಲಿ? ಕುರಿ ಮಾರೂದ ಬರತೈತಿ."

ನನಗೆ ಅವಳ ಧೈರ್ಯ ಇಷ್ಟವಾಯಿತು. ಇವಳಿಗೆ ಯಾರೂ ಮಾಡಿಕೊಡದಷ್ಟು ಚೆನ್ನಾಗಿ ಮಾಡಿಕೊಡಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಮಾತ್ರ ಬೇರೆಯೇ ಬಂತು. "ಏನವಾ ಇದು, ಹಂಚಿನಂಗ ಕರ್ರಗ ಆಗೇತಿ!"

"ಅದು ಉಣ್ಣಿ ಜಿಡ್ಡರಿ. ಇರ್ಲಿ ಬಿಡ್ರಿ. ಹೊರಗಿನ ಬಾಯಿ ಅಷ್ಟ ಮಸೀರಿ, ಸಾಕು."

"ನನಗ ಹೇಳಾಕ ಬರಬ್ಯಾಡ. ನಾಡದು ಬಾ, ಕನ್ನಡ್ಯಾಗ ನೋಡಿಕೊಂಡಂಗ ಮಾರಿ ನೋಡಿಕೋ."

ಮಾತಿಗೆ ತಪ್ಪಲಿಲ್ಲ. ಎರಡೂ ಅಲಗುಗಳನ್ನು ಹೊರಗೂ ಒಳಗೂ ಕಲ್ಲಿಗೆ ಕೊಟ್ಟೆ. ಚಾಕುವಿಗೆ ಎರಡೂ ಬದಿ ಮಸೆಯುತ್ತೇವಲ್ಲ, ಕತ್ತರಿ ಎಂದರೆ ಜೋಡಿ ಚಾಕು ತಾನೇ ಎಂಬುದು ನನ್ನ ತರ್ಕ. ಅರ್ಧ ದಿನ ಬೇರೆ ಕೆಲಸ ಬಿಟ್ಟು ಕೂತೆ. ಆಮೇಲೆ ಬಟ್ಟೆಯ ಚಕ್ರ ಹಾಕಿ ಹೊಳಪು ಕೊಟ್ಟೆ. ಒಂದು ಅಲಗನ್ನು ತೋಳಿನ ಮೇಲೆ ಎಳೆದೆ, ಕೂದಲು ಹೋಯಿತು. ಇನ್ನೊಂದನ್ನು ಎಳೆದೆ, ಅದೂ ಹೋಯಿತು. ಎರಡನ್ನೂ ಕೂಡಿಸಿ ಏನನ್ನಾದರೂ ಕತ್ತರಿಸಿ ನೋಡಬೇಕೆಂದು ಹೊಳೆಯಲೇ ಇಲ್ಲ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ಸೋಮವಾರ ಸಂಜೆ ಅವಳು ಬಂದಾಗ ಕತ್ತರಿ ಬೆಳ್ಳಿಯ ಹಾಗೆ ಥಳಥಳಿಸುತ್ತಿತ್ತು. "ಅಯ್ಯ ಶಿವನ!" ಎಂದು ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಅದನ್ನು ಬೆರಗು ಎಂದುಕೊಂಡು ನಾನು ಉಬ್ಬಿದೆ. ಅವಳು ಬೆರಳು ತೂರಿಸಿ ತೆರೆಯಲು ಹೋದಳು. ನಾನು ಕಸಿದುಕೊಂಡು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, "ಬಿಚ್ಚಬ್ಯಾಡ, ಬಾಯಿ ಕೆಡತೈತಿ. ನಾಳೆ ಕುರಿ ಮುಂದನ ಬಿಚ್ಚು," ಎಂದೆ. ನೇಸರಿಯ ಬಸ್ಸಿಗೆ ಹೊತ್ತಾಗಿತ್ತು, ಹಾಗೆಯೇ ತೆಗೆದುಕೊಂಡು ಹೋದಳು.

ಮಂಗಳವಾರ ನಾನೂ ಹೊಲಕ್ಕೆ ಹೋದೆ. ಕೆಲಸವೇನೂ ಇರಲಿಲ್ಲ, ನನ್ನ ಕತ್ತರಿಯ ಕರಾಮತ್ತು ನೋಡುವ ಆಸೆ. ಹಿಂದಿನ ದಿನ ಹಳ್ಳದಲ್ಲಿ ಮೈ ತೊಳೆಸಿಕೊಂಡು ಒಣಗಿದ ಕುರಿಗಳು ಬೇವಿನ ಮರದ ಹತ್ತಿರ ಒತ್ತಾಗಿ ನಿಂತಿದ್ದವು. ಐದು ಜನ ಗಂಡಸರು ಚೀಲ ಹಾಸಿಕೊಂಡು ಕೂತಿದ್ದರು. ತುದಿಯಲ್ಲಿ ಅವಳು, ಸೆರಗು ಸೊಂಟಕ್ಕೆ ಬಿಗಿದು. ಪಾಲಿಗೆ ಹತ್ತು ಹತ್ತು ಕುರಿ. ಮುತ್ಯಾ ನನಗೆ ಮರದ ಬುಡದಲ್ಲಿ ಕಂಬಳಿ ಹಾಸಿ, ಚಹಾ ತರಿಸಿಕೊಟ್ಟ.

ಅವಳು ಕುರಿಯ ಕಾಲು ಕಟ್ಟಿ ಉರುಳಿಸಿ, ದಾರ ಬಿಚ್ಚಿ, ಕುತ್ತಿಗೆಯ ಬಳಿ ಕತ್ತರಿ ಹಾಕಿದಳು. ಉಣ್ಣೆ ಕತ್ತರಿಸಲಿಲ್ಲ. ಎರಡು ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಹಾಕಿದಳು, ಮತ್ತೆ ಸಿಕ್ಕಿತು. ಕುರಿ ಒದ್ದಾಡಿತು. ಪಕ್ಕದಲ್ಲಿ ಕೂತವನು ಕತ್ತರಿ ನಿಲ್ಲಿಸಿ ನೋಡಿದ.

"ಏನವಾ, ಕುರಿಗೆ ತಲಿ ಬಾಚಾಕತ್ತಿ ಏನು? ಹೆಳಲ ಹಾಕಿ ಹೂವಾ ಮುಡಸ್ತಿ?"

ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ಅಷ್ಟಕ್ಕೆ ಸುಮ್ಮನಿರದೆ, ಚಹಾದ ಲೋಟ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಕತ್ತರಿ ನಾನ ಸ್ವಂತ ಕೈಲೆ ಮಸದೇನಿ. ಕತ್ತರೀದೇನೂ ತಪ್ಪಿಲ್ಲ. ಕೈ ಪಳಗಬೇಕಲ್ಲ!"

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಹೌದ್ರಿ ಸಾವಕಾರ್ರ," ಎಂದಳು. ಮತ್ತೆ ಕುರಿಯ ಮೇಲೆ ಬಾಗಿದಳು.

ಎರಡನೆಯ ಕುರಿಯ ಹೊತ್ತಿಗೆ ಅವಳ ಕತ್ತರಿಯ ಸದ್ದು ಬದಲಾಗಿತ್ತು. ಉಳಿದವರದು ಕರ್ರ್, ಕರ್ರ್ ಎಂದು ಉದ್ದಕ್ಕೆ ಕೇಳುತ್ತಿದ್ದರೆ ಅವಳದು ಚಿಕ್ ಚಿಕ್ ಚಿಕ್ ಎಂದು ಬಿಡುವಿಲ್ಲದೆ ಬರುತ್ತಿತ್ತು. ಮೂರನೆಯ ಕುರಿಗೆ ನಾನು ಕುತೂಹಲದಿಂದ ಎದ್ದು ಹೋಗಿ ಬಾಗಿ ನೋಡಿದೆ. ಅವಳು ಅಲಗಿನ ತುದಿಯನ್ನು ಬಳಸುತ್ತಲೇ ಇರಲಿಲ್ಲ. ಉಣ್ಣೆಯನ್ನು ರಿವೆಟ್ಟಿನ ಬುಡದ ತನಕ ತಂದು, ಅಲ್ಲಿ, ಎರಡು ಬೆರಳಗಲದ ಜಾಗದಲ್ಲಿ ಮಾತ್ರ ಕತ್ತರಿಸುತ್ತಿದ್ದಳು. ಬೇರೆಯವರು ಒಮ್ಮೆ ಕತ್ತರಿ ಮುಚ್ಚುವಲ್ಲಿ ಅವಳು ನಾಲ್ಕು ಸಲ ಮುಚ್ಚಬೇಕಿತ್ತು. ಪ್ರತಿ ಸಲವೂ ಹೆಬ್ಬೆರಳಿನಿಂದ ಒಂದು ಅಲಗನ್ನು ಇನ್ನೊಂದರ ಮೇಲೆ ಒತ್ತಿ ಹಿಡಿಯುತ್ತಿದ್ದಳು.

ಆಗ ತಿಳಿಯಿತು. ಆ ಎರಡು ಬೆರಳಗಲದ ಜಾಗಕ್ಕೆ ರಿವೆಟ್ಟು ಅಡ್ಡ ಬಂದು ನನ್ನ ಕಲ್ಲು ತಲುಪಿರಲಿಲ್ಲ. ನಾನು ಮುಟ್ಟಿದಲ್ಲೆಲ್ಲ ಕತ್ತರಿ ಸತ್ತಿತ್ತು. ಮುಟ್ಟದೆ ಬಿಟ್ಟಲ್ಲಿ ಮಾತ್ರ ಜೀವ ಉಳಿದಿತ್ತು. ಕತ್ತರಿಯ ಒಳಮೈಗಳು ಒಂದನ್ನೊಂದು ಒರೆಸಿಕೊಂಡು ಹೋದರೆ ಮಾತ್ರ ಉಣ್ಣೆ ಕತ್ತರಿಸುತ್ತದೆ. ಆ ಒಳಮೈಯನ್ನೇ ನಾನು ಸವೆಸಿ ಹೊಳಪು ಕೊಟ್ಟಿದ್ದೆ. ಹೊರಗಿನ ಬಾಯಿ ಅಷ್ಟೇ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳಲ್ಲ, ಪಾಪಿ ನಾನು!

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅಲ್ಲಿದ್ದ ಐವರೂ ನನ್ನ ಅಂಗಡಿಯ ಗಿರಾಕಿಗಳು. ಮುತ್ಯಾನ ಮುಂದೆ ನಮ್ಮಪ್ಪ ಎಂದೂ ತಲೆ ತಗ್ಗಿಸಿದವನಲ್ಲ. ಕೈ ಪಳಗಬೇಕು ಎಂದು ಈಗ ತಾನೇ ದೊಡ್ಡ ಬಾಯಿ ಮಾಡಿದ್ದೆ. ಮೆಲ್ಲಗೆ ಹಿಂದಕ್ಕೆ ಬಂದು ಕಂಬಳಿಯ ಮೇಲೆ ಕೂತೆ. ಇನ್ನೊಂದು ಕುರಿ ಆಗಲಿ, ಹೇಗೋ ಮುಗಿಸುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ಊಟದ ಹೊತ್ತಾಯಿತು. ಗಂಡಸರು ಕೈ ತೊಳೆದು ಸಾಲಾಗಿ ಕೂತರು. ನನಗೆ ಬೇರೆಯಾಗಿ ರೊಟ್ಟಿ, ಝುಣಕ ಬಂತು. ಅವಳು ಅರ್ಧ ರೊಟ್ಟಿಯನ್ನು ನಿಂತಲ್ಲೇ ತಿಂದು, ನೀರು ಕುಡಿದು, ಹೆಬ್ಬೆರಳಿನ ಬುಡಕ್ಕೆ ಅರಿವೆಯ ತುಂಡು ಸುತ್ತಿಕೊಂಡು ಮತ್ತೆ ಕುರಿ ಕಟ್ಟಿದಳು. ಅರಿವೆಯ ಮೇಲೆ ಕೆಂಪು ಮೂಡಿದ್ದು ಮರದ ಬುಡದಿಂದಲೇ ಕಾಣುತ್ತಿತ್ತು. ಆದರೂ ಅವಳು ಕತ್ತರಿಸಿದ ಕುರಿಗಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಹರಿತವಾದ ಕತ್ತರಿ ಹಿಡಿದ ಗಂಡಸರು ಎರಡು ಮೂರು ಕಡೆ ಚರ್ಮ ಕತ್ತರಿಸಿ, ಗಾಯಕ್ಕೆ ಅರಿಸಿಣ ಹಚ್ಚಿದ್ದರು. ಕೆಟ್ಟ ಹತಾರ ಹಿಡಿದು, ನೋಯುವ ಕೈಯಲ್ಲಿ, ಸಿಟ್ಟನ್ನು ಕುರಿಯ ಮೇಲೆ ತೋರಿಸದೆ ಕೆಲಸ ಮಾಡುವವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಾನಾಗಿದ್ದರೆ ಆ ಕತ್ತರಿಯನ್ನು ಹಳ್ಳಕ್ಕೆ ಎಸೆದು, ಮಸೆದವನ ಮನೆತನವನ್ನೆಲ್ಲ ಎತ್ತಿ ಆಡುತ್ತಿದ್ದೆ.

ಹೊತ್ತು ಇಳಿಯಿತು. ಉಳಿದವರೆಲ್ಲ ತಮ್ಮ ಪಾಲು ಮುಗಿಸಿ ಮೈ ಕೊಡವಿ ಎದ್ದರು. ಅವಳ ಪಾಲಿನ ಎರಡು ಕುರಿ ಉಳಿದಿದ್ದವು. ಬೆಳಗ್ಗೆ ನಗೆಯಾಡಿದವನು ತನ್ನ ಕತ್ತರಿ ಹಿಡಿದು ಅವಳ ಕಡೆ ನಡೆದ. ಕೆಟ್ಟವನಲ್ಲ ಅವನು, ಕರುಣೆಯಿಂದಲೇ ಹೊರಟಿದ್ದ.

"ಬಿಡ ಯವ್ವಾ, ಸಾಕಾಗೇತಿ ನಿನಗ. ಇವೆರಡು ನಾ ಮುಗಸ್ತೇನಿ."

"ನನ್ನ ಕುರಿಗೆ ಕೈ ಹಚ್ಚಬ್ಯಾಡೋ ಅಣ್ಣಾ," ಎಂದಳು. ಅವನು ಒಂದು ಕುರಿಗೆ ಕೈ ಹಾಕಿದರೂ ಅವಳ ಪಾಲು ಅವಳು ಮುಗಿಸಿದಂತಾಗುವುದಿಲ್ಲ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಎಲ್ಲರೂ ಮುತ್ಯಾನ ಮುಖ ನೋಡಿದರು. ಮುತ್ಯಾ ನೆಲ ನೋಡುತ್ತಾ, "ಹೊತ್ತ ಮುಳಗಾಕ ಬಂತವಾ," ಎಂದ.

ನಾನು ಹೇಗೆ ಎದ್ದೆನೋ ಗೊತ್ತಿಲ್ಲ. "ಮುತ್ಯಾ, ತಪ್ಪು ಆಕೀದಲ್ಲ," ಎಂದೆ. "ಕತ್ತರಿ ನಾ ಕೆಡಿಸೇನಿ. ಒಳಗಿನ ಮೈ ಮಸದು ಹಾಳ ಮಾಡೇನಿ. ಆಕಿ ಬ್ಯಾಡ ಅಂದಿದ್ಲು. ಮುಂಜಾನಿ ನನಗ ಗೊತ್ತಾತು, ಬಾಯಿ ಮುಚಗೊಂಡ ಕೂತೆ."

ಮುತ್ಯಾ ಅವಳ ಕೈಯಿಂದ ಕತ್ತರಿ ತೆಗೆದುಕೊಂಡು, ಮುಚ್ಚಿ, ಇಳಿಬಿಸಿಲಿಗೆ ಎತ್ತಿ ಹಿಡಿದ. ಎರಡು ಅಲಗುಗಳ ನಡುವೆ ತುದಿಯಿಂದ ರಿವೆಟ್ಟಿನ ಹತ್ತಿರದ ತನಕ ಬೆಳಕಿನ ಗೆರೆ ಕಂಡಿತು.

"ಸಾವಕಾರ್ರ, ಎರಡೂ ಛಲೋ ಹರತ ಆಗ್ಯಾವ," ಎಂದ ಮುತ್ಯಾ. "ಆದ್ರ ಒಂದಕ್ಕೊಂದು ಮಾತ ಬಿಟ್ಟಾವ."

ಆಮೇಲೆ ತನ್ನ ಸ್ವಂತ ಕತ್ತರಿಯನ್ನು ಅವಳ ಮುಂದೆ ಹಿಡಿದ. ಉಣ್ಣೆಯ ಜಿಡ್ಡಿನಿಂದ ಕರ್ರಗಾದ, ಎಲ್ಲೂ ಹೊಳೆಯದ ಕತ್ತರಿ. ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡು ಕುರಿಯ ಹತ್ತಿರ ಕೂತಳು. ಕುತ್ತಿಗೆಯಿಂದ ಶುರುಮಾಡಿದ ಕತ್ತರಿ ಬೆನ್ನಿನ ಮೇಲೆ ಎಲ್ಲೂ ತಡೆಯಲಿಲ್ಲ. ಉಣ್ಣೆ ಒಂದೇ ಹಾಸಾಗಿ ಕಳಚಿ ಪಕ್ಕಕ್ಕೆ ಬಿತ್ತು. ಅರಿವೆ ಸುತ್ತಿದ, ದಿನವೆಲ್ಲ ದಣಿದ ಅದೇ ಕೈ! ಮೊದಲನೆಯದು ಮುಗಿದದ್ದು ತಿಳಿಯುವ ಮೊದಲೇ ಎರಡನೆಯದರ ಕಾಲು ಕಟ್ಟಿದ್ದಳು. ನಗೆಯಾಡಿದವನು ಬಾಯಿ ತೆರೆದು ನೋಡುತ್ತಾ, "ಎಲಾ ಇಕಿನ!" ಎಂದ. ಸೂರ್ಯ ಇನ್ನೂ ಕಬ್ಬಿನ ಗರಿಗಳ ಮೇಲಿದ್ದಾಗಲೇ ಕೊನೆಯ ಕುರಿ ಎದ್ದು ಮೈ ಕೊಡವಿಕೊಂಡು ಹಿಂಡಿಗೆ ಓಡಿತು.

ಮುತ್ಯಾ ರುಮಾಲು ಸರಿಮಾಡಿಕೊಂಡು ಗಂಡಸರ ಕಡೆ ತಿರುಗಿದ. "ಮುಂದಿನ ಸೋಮಾರ ಈಕಿ ಹಿಂಡು. ಎಲ್ಲಾರೂ ಲಗೂನ ಬರ್ರಿ." ಎಲ್ಲರೂ ಹೂಂ ಎಂದರು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೂ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಎಲ್ಲರೂ ಉಣ್ಣೆಯನ್ನು ಚೀಲಕ್ಕೆ ತುಂಬುತ್ತಿದ್ದಾಗ ಅವಳ ಹತ್ತಿರ ಹೋದೆ. ಅವಳು ಕೂತು ಹೆಬ್ಬೆರಳಿನ ಅರಿವೆ ಬಿಚ್ಚುತ್ತಿದ್ದಳು. ಅದು ಗಾಯಕ್ಕೆ ಅಂಟಿಕೊಂಡಿತ್ತು.

"ತಂಗಿ, ಮೊದಲನೇ ಕುರಿಗೇ ನಿನಗ ಗೊತ್ತಾಗಿತ್ತಲ್ಲ, ಕತ್ತರಿ ಕೆಟ್ಟೈತಿ ಅಂತ. ಯಾಕ ಹೇಳಲಿಲ್ಲ?"

ಅವಳು ಅರಿವೆಯ ಮೇಲೆ ನೀರು ಹನಿಸಿಕೊಂಡಳು.

"ನಾ ಹೇಳಿದ್ರ ಕೆಲಸ ಬರದಾಕಿ ನೆವಾ ಹೇಳತಾಳ ಅಂತಿದ್ರು. ಅದನ್ನ ನೀವ ಹೇಳಬೇಕಾಗಿತ್ತು. ಈ ಕುರಿ ಮುಗಿಯೂದರಾಗ ಹೇಳತಾರು, ಮುಂದಿನ ಕುರಿಗೆ ಹೇಳತಾರು ಅಂತ ಒಂದೊಂದ ಕುರಿ ಕಟಗೊಂತ ಹೋದೆ," ಎಂದಳು. "ಎಂಟು ಕುರಿ ಹಾದೀ ನೋಡಿದೆ, ಸಾವಕಾರ್ರ."